ಜ್ಯೂರಿಗೆ ಬೀಗ, ಬೀಗದ ಕೈ ಯಾರ ಬಳಿ?

ಶಾಸಕರನ್ನು ಬಸ್ಸು ಹತ್ತಿಸಿ ರೆಸಾರ್ಟಿಗೆ ಸಾಗಿಸುವ ದೃಶ್ಯ ಕನ್ನಡಿಗರಿಗೆ ಹೊಸದಲ್ಲ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಬಿಡದಿಗೆ ಬಂದು ತಂಗಿದರು. 2018ರ ಮೇ ತಿಂಗಳಲ್ಲಿ ನಮ್ಮವರೇ ಅಲ್ಲಿಗೆ ಹೋದರು. 2019ರಲ್ಲಿ ಇನ್ನೊಂದು ಗುಂಪು ಮುಂಬೈಯ ಹೋಟೆಲ್ ಸೇರಿತು. ಒಳಗಿರುವವರು ಏನು ಯೋಚಿಸುತ್ತಿದ್ದಾರೆ ಎನ್ನುವುದಕ್ಕಿಂತ ಬಾಗಿಲಲ್ಲಿ ಯಾರು ನಿಂತಿದ್ದಾರೆ, ಫೋನ್ ಯಾರ ಕೈಯಲ್ಲಿದೆ ಎಂಬುದೇ ಆ ದಿನಗಳಲ್ಲಿ ದೊಡ್ಡ ಸುದ್ದಿಯಾಗಿತ್ತು.

ಹೋಟೆಲ್, ಬಸ್ಸು, ಬಾಗಿಲ ಕಾವಲು, ತೆಗೆದಿಟ್ಟುಕೊಂಡ ಫೋನ್ ಎಲ್ಲವೂ ಹೀಗೆಯೇ ಇದ್ದು, ಉದ್ದೇಶ ಮಾತ್ರ ಪೂರ್ತಿ ಬೇರೆಯಾದ ಏರ್ಪಾಡೊಂದು ಅಮೆರಿಕದ ನ್ಯಾಯಾಲಯಗಳಲ್ಲಿದೆ. ಅಲ್ಲಿ ಗಂಭೀರ ಅಪರಾಧದ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಸಾಮಾನ್ಯವಾಗಿ ಹನ್ನೆರಡು ಮಂದಿ ಜನಸಾಮಾನ್ಯರ ಜ್ಯೂರಿ ತೀರ್ಮಾನಿಸುತ್ತದೆ. ಪ್ರಕರಣ ಊರೆಲ್ಲ ಗುಲ್ಲಾಗಿದ್ದರೆ, ಬೆದರಿಕೆ ಅಥವಾ ಆಮಿಷದ ಭಯವಿದ್ದರೆ, ಆ ಹನ್ನೆರಡು ಮಂದಿಯನ್ನು ಮನೆಗೆ ಕಳುಹಿಸದೆ ಹೋಟೆಲಿನಲ್ಲಿ ಇರಿಸುವಂತೆ ನ್ಯಾಯಾಧೀಶರು ಆದೇಶಿಸಬಹುದು. ಅವರು ಇದನ್ನು ಸೀಕ್ವೆಸ್ಟ್ರೇಶನ್ ಎನ್ನುತ್ತಾರೆ. ನಾನು ಪ್ರತ್ಯೇಕವಾಸ ಎನ್ನುತ್ತೇನೆ. ಶಾಸಕರನ್ನು ಕೂಡಿಹಾಕುವುದು ಅವರ ಮನಸ್ಸು ಬದಲಾಗದಿರಲಿ ಎಂದು. ಜ್ಯೂರಿಯನ್ನು ಕೂಡಿಹಾಕುವುದು, ಮನಸ್ಸು ಬದಲಾಗುವುದಾದರೆ ಸಾಕ್ಷ್ಯವನ್ನು ಕೇಳಿ ಮಾತ್ರ ಬದಲಾಗಲಿ ಎಂದು.

ಉದ್ದೇಶ ಒಳ್ಳೆಯದೇ. ಆದರೆ ಈ ಏರ್ಪಾಡಿನ ಇತಿಹಾಸವನ್ನು ನೋಡುತ್ತ ಹೋದರೆ ಒಂದು ವಿಚಿತ್ರ ಕಾಣಿಸುತ್ತದೆ. ಹೊರಗಿನ ಗಾಳಿ ಒಳಕ್ಕೆ ನುಗ್ಗಿದ್ದರಿಂದ ಆದಷ್ಟೇ ತೊಂದರೆ, ಒಳಗೆ ಕಾವಲಿಗೆ ನಿಂತವರಿಂದಲೂ ಒಳಗಿನ ಬದುಕಿನ ಕಿರಿಕಿರಿಯಿಂದಲೂ ಆಗಿದೆ. ವಸತಿ ಒದಗಿಸುವುದು ದುಡ್ಡಿನ ಪ್ರಶ್ನೆ. ಕಾಯುವುದು ಹಾಗಲ್ಲ.

ಬೀಗದ ಮೂಲವೂ ಅಷ್ಟೇನೂ ಪವಿತ್ರವಾದುದಲ್ಲ. ಹಳೆಯ ಇಂಗ್ಲೆಂಡಿನಲ್ಲಿ ತೀರ್ಪಿನ ಚರ್ಚೆಗೆ ಹೋದ ಜ್ಯೂರಿಗೆ ಊಟವಿಲ್ಲ, ನೀರಿಲ್ಲ, ಬೆಂಕಿಯಿಲ್ಲ, ದೀಪವಿಲ್ಲ ಎಂಬ ನಿಯಮವಿತ್ತು. ನ್ಯಾಯಾಧೀಶರು ಮುಂದಿನ ಊರಿಗೆ ಹೊರಡುವ ಹೊತ್ತಿಗೂ ಒಮ್ಮತ ಬಾರದಿದ್ದರೆ ಜ್ಯೂರಿಯನ್ನು ಗಾಡಿಗೆ ಹತ್ತಿಸಿ ಊರಿಂದೂರಿಗೆ ಹಿಂದೆಯೇ ಒಯ್ಯಬಹುದೆಂದು ಕಾನೂನು ಪಂಡಿತರು ಬರೆದಿಟ್ಟಿದ್ದರು. ಇದು ರಕ್ಷಣೆಯಲ್ಲ, ಹಸಿವಿನಿಂದ ಹಿಂಡಿ ತೀರ್ಪು ತೆಗೆಯುವ ಉಪಾಯ. 1670ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಅದು ನಿಚ್ಚಳವಾಗಿ ಬಯಲಾಯಿತು. ಬೀದಿಯಲ್ಲಿ ಧರ್ಮೋಪದೇಶ ಮಾಡಿದ್ದಕ್ಕಾಗಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರ ಮೇಲೆ ಮೊಕದ್ದಮೆ ನಡೆಯಿತು. ಪೀಠಕ್ಕೆ ಬೇಕಾಗಿದ್ದ ತೀರ್ಪನ್ನು ಕೊಡಲು ಜ್ಯೂರಿ ಒಪ್ಪಲಿಲ್ಲ. ಎರಡು ರಾತ್ರಿ ಅನ್ನ, ನೀರು, ಬೆಂಕಿ, ಹೊಗೆಸೊಪ್ಪು ಯಾವುದೂ ಇಲ್ಲದೆ ಅವರನ್ನು ಕೂಡಿಹಾಕಲಾಯಿತು. ಆದರೂ ಅವರು ಬಾಗಲಿಲ್ಲ. ಕೊನೆಗೆ ತಲಾ ನಲವತ್ತು ಮಾರ್ಕ್ ದಂಡ ಬಿತ್ತು. ದಂಡ ಕಟ್ಟಲು ಒಪ್ಪದೆ ಜೈಲು ಸೇರಿದವರಲ್ಲಿ ಎಡ್ವರ್ಡ್ ಬುಶೆಲ್ ಎಂಬಾತನ ಹೆಸರು ಉಳಿದುಕೊಂಡಿದೆ. ತೀರ್ಪಿಗಾಗಿ ಜ್ಯೂರಿಯನ್ನು ದಂಡಿಸುವಂತಿಲ್ಲ ಎಂದು ಮುಖ್ಯ ನ್ಯಾಯಾಧೀಶ ಜಾನ್ ವಾನ್ ಹೇಳಿದ್ದು ಅವನ ಅರ್ಜಿಯ ಮೇಲೆಯೇ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ಗೋಡೆಯ ಮೇಲೆ ಆ ಜ್ಯೂರಿಯ ನೆನಪಿನ ಫಲಕವಿದೆ.

ಅನ್ನ ನೀರು ಕೊಡುವ ರೂಢಿ ಆಮೇಲೆ ಬಂತು, ಹೋಟೆಲುಗಳೂ ಬಂದವು. ಬೀಗ ಉಳಿಯಿತು, ಅದಕ್ಕೆ ಕೊಡುವ ಕಾರಣ ಮಾತ್ರ ಬೇರೆಯಾಯಿತು. ಪತ್ರಿಕೆಗಳ ಕಾಲದಲ್ಲಿ ಆ ಕಾರಣ ‘ಸುದ್ದಿ’. 1970ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಲವು ಕೊಲೆಗಳ ಆರೋಪ ಹೊತ್ತ ಪಂಥನಾಯಕ ಚಾರ್ಲ್ಸ್ ಮ್ಯಾನ್ಸನ್ ಮತ್ತು ಅವನ ಹಿಂಬಾಲಕಿಯರ ವಿಚಾರಣೆ ನಡೆದಾಗ ಜ್ಯೂರಿಯನ್ನು ಅಂಬಾಸಡರ್ ಹೋಟೆಲಿನಲ್ಲಿ ಇರಿಸಲಾಯಿತು. ಎರಡು ವರ್ಷ ಹಿಂದೆ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದದ್ದು ಅದೇ ಹೋಟೆಲಿನಲ್ಲಿ. ವಾಸ ಒಟ್ಟು 225 ದಿನ ನಡೆಯಿತು. ಆಗಸ್ಟ್ ಆರಂಭದಲ್ಲಿ ಅಧ್ಯಕ್ಷ ನಿಕ್ಸನ್ ಪತ್ರಕರ್ತರ ಮುಂದೆ ಬಾಯಿತಪ್ಪಿ ಮ್ಯಾನ್ಸನ್ ತಪ್ಪಿತಸ್ಥನೆಂಬ ಅರ್ಥದ ಮಾತಾಡಿದರು. ಮರುದಿನದ ಪತ್ರಿಕೆಯಲ್ಲಿ ಅದೇ ತಲೆಬರಹ. ಜ್ಯೂರಿ ಪ್ರಯಾಣಿಸುವ ಬಸ್ಸಿನ ಕಿಟಕಿಗಳನ್ನು, ದಾರಿಬದಿಯ ಪತ್ರಿಕೆ ಅಂಗಡಿ ಕಾಣದಂತೆ, ಮಬ್ಬುಗೊಳಿಸಲಾಗಿತ್ತು. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ಆ ತಲೆಬರಹವನ್ನು ಜ್ಯೂರಿಯ ಕಣ್ಣಿಗೆ ಹಿಡಿದವನು ಯಾರು? ಸ್ವತಃ ಆರೋಪಿ. ನ್ಯಾಯಾಲಯದೊಳಗೇ ಪತ್ರಿಕೆ ಎತ್ತಿ ತೋರಿಸಿಬಿಟ್ಟ. ನ್ಯಾಯಾಧೀಶರು ಜ್ಯೂರಿ ಸದಸ್ಯರನ್ನು ವಿಚಾರಿಸಿ, ಅವರ ಮಾತನ್ನು ನಂಬಿ ಮುಂದುವರಿದರು. ಕೊನೆಗೆ ನೆಚ್ಚಬೇಕಾದದ್ದು ಆ ಹನ್ನೆರಡು ಮಂದಿಯ ಮಾತನ್ನೇ ಎಂದಾದರೆ ಮಬ್ಬು ಕಿಟಕಿಯ ಬಸ್ಸು ಏತಕ್ಕೆ ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗಿದೆ.

ಈ ವಾಸದ ದಿನಚರಿ ಹೇಗಿರುತ್ತದೆ? 2013ರಲ್ಲಿ ಫ್ಲಾರಿಡಾದ ಸೆಮಿನೋಲ್ ಕೌಂಟಿಯಲ್ಲಿ ನಡೆದ, ಹದಿಹರೆಯದ ಹುಡುಗನೊಬ್ಬನನ್ನು ಗುಂಡಿಕ್ಕಿ ಕೊಂದ ಜಾರ್ಜ್ ಝಿಮ್ಮರ್‌ಮನ್ ಪ್ರಕರಣದ ಲೆಕ್ಕವನ್ನು ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿ ಆಮೇಲೆ ಬಹಿರಂಗಪಡಿಸಿತು. ಆ ರಾಜ್ಯದಲ್ಲಿ ಮರಣದಂಡನೆಯ ಪ್ರಶ್ನೆಯಿಲ್ಲದ ಪ್ರಕರಣಗಳಿಗೆ ಜ್ಯೂರಿಯಲ್ಲಿ ಆರೇ ಮಂದಿ ಸಾಕು. ಇಲ್ಲಿ ಆರೂ ಮಹಿಳೆಯರು. ಲೇಕ್ ಮೇರಿಯ ಹೋಟೆಲೊಂದರಲ್ಲಿ ಅವರು 22 ರಾತ್ರಿ ಕಳೆದರು. ಖರ್ಚು ಸುಮಾರು 33,000 ಡಾಲರ್. ಫೋನ್‌ಗಳು ಡೆಪ್ಯುಟಿಗಳ ಬಳಿ ಇದ್ದವು. ಡೆಪ್ಯುಟಿ ಎಂದರೆ ಶೆರಿಫ್ ಕೈಕೆಳಗಿನ ಪೊಲೀಸ್ ಸಿಬ್ಬಂದಿ. ಮನೆಗೆ ಕರೆ ಮಾಡುವಾಗ ಪಕ್ಕದಲ್ಲಿ ಒಬ್ಬರು ಕುಳಿತು ಕೇಳುತ್ತಿದ್ದರು. ನೋಡಲು ಬರುವ ಮನೆಯವರು ಪ್ರಕರಣದ ಬಗ್ಗೆ ತುಟಿ ಬಿಚ್ಚುವುದಿಲ್ಲ ಎಂದು ಸಹಿ ಹಾಕಬೇಕಿತ್ತು. ಬಿಡುವಿನ ಹೊತ್ತಿನಲ್ಲಿ ಬೌಲಿಂಗ್ (ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ), ಸಿನಿಮಾ, ಜುಲೈ ನಾಲ್ಕರ ಪಟಾಕಿ ಪ್ರದರ್ಶನ, ಸೇಂಟ್ ಆಗಸ್ಟೀನ್ ಪಟ್ಟಣಕ್ಕೆ ಒಂದು ದಿನದ ಪ್ರವಾಸ, ಉಗುರಿಗೆ ಬಣ್ಣ ಹಚ್ಚಿಸಿಕೊಳ್ಳುವ ಅಂಗಡಿಗೆ ಒಂದು ಭೇಟಿ. ಈ ಪಟ್ಟಿ ಹೊರಬಿದ್ದಾಗ ತೆರಿಗೆದಾರರ ದುಡ್ಡಿನಲ್ಲಿ ಮೋಜು ಎಂದು ಗೊಣಗಿದವರಿದ್ದರು. ನನಗೆ ಹಾಗನ್ನಿಸುವುದಿಲ್ಲ. ಹಗಲೆಲ್ಲ ಸತ್ತ ಹುಡುಗನೊಬ್ಬನ ಚಿತ್ರಗಳನ್ನು ನೋಡಿ, ಸಂಜೆ ಅದರ ಬಗ್ಗೆ ಗಂಡನೊಡನೆಯೂ ಆಡಲಾಗದೆ, ಪಕ್ಕದ ಕೋಣೆಯವರೊಡನೆಯೂ ಆಡಲಾಗದೆ ಮಲಗಬೇಕಾದವರಿಗೆ ಒಂದು ಸುತ್ತು ಬೌಲಿಂಗ್ ದುಬಾರಿಯಲ್ಲ. ಪಕ್ಕದ ಕೋಣೆಯವರೊಡನೆ ಏಕಿಲ್ಲವೆಂದರೆ, ಎಲ್ಲ ಸಾಕ್ಷ್ಯ ಮುಗಿದು ಚರ್ಚೆಗೆ ಕುಳಿತುಕೊಳ್ಳುವವರೆಗೆ ಜ್ಯೂರಿ ಸದಸ್ಯರು ತಮ್ಮತಮ್ಮಲ್ಲೂ ಪ್ರಕರಣದ ಬಗ್ಗೆ ಮಾತಾಡಬಾರದು ಎಂಬುದೇ ಸಾಮಾನ್ಯ ನಿಯಮ. ಇಡೀ ದಿನ ಒಟ್ಟಿಗಿರುವವರಿಗೆ ಒಟ್ಟಿಗಿರಲು ಕಾರಣವಾದ ಒಂದೇ ಸಂಗತಿ ನಿಷಿದ್ಧ!

ಇಪ್ಪತ್ತೆರಡು ರಾತ್ರಿಯನ್ನು ಹೀಗೆ ಕಳೆಯಬಹುದು. 265 ರಾತ್ರಿಯನ್ನು?

ಪ್ರತ್ಯೇಕವಾಸದ ಬಗ್ಗೆ ಅಮೆರಿಕದಲ್ಲಿ ಯಾರು ಮಾತೆತ್ತಿದರೂ, ಮಾಜಿ ಹೆಂಡತಿಯ ಕೊಲೆಯ ಆರೋಪ ಹೊತ್ತಿದ್ದ ಫುಟ್‌ಬಾಲ್ ತಾರೆ ಒ.ಜೆ. ಸಿಂಪ್ಸನ್ ಪ್ರಕರಣಕ್ಕೆ ಬಂದೇ ಬರುತ್ತಾರೆ. 1995ರ ಜನವರಿ 11ರಂದು ಹನ್ನೆರಡು ಸದಸ್ಯರು ಮತ್ತು ಹನ್ನೆರಡು ಮೀಸಲು ಸದಸ್ಯರು ಲಾಸ್ ಏಂಜಲೀಸ್ ನಗರಮಧ್ಯದ ಹೋಟೆಲಿಗೆ ಬಂದರು. ಅಕ್ಟೋಬರ್ 3ರಂದು ತೀರ್ಪು ಓದುವ ಹೊತ್ತಿಗೆ ಮೀಸಲಿನಲ್ಲಿ ಉಳಿದವರು ಇಬ್ಬರೇ. ಹತ್ತು ಮಂದಿ ಒಂದಲ್ಲ ಒಂದು ಕಾರಣಕ್ಕೆ ಹೊರಬಿದ್ದಿದ್ದರು. ಕೋಣೆಗಳಿಂದ ಟಿ.ವಿ., ಫೋನ್ ತೆಗೆಸಲಾಗಿತ್ತು. ಪತ್ರಿಕೆಗಳಲ್ಲಿ ಪ್ರಕರಣದ ಸುದ್ದಿಯನ್ನು ಕತ್ತರಿಸಿ ಕೊಡುತ್ತಿದ್ದರು. ಸಂಗಾತಿಯೊಡನೆ ಏಕಾಂತಕ್ಕೂ ವಾರಕ್ಕಿಷ್ಟು ಗಂಟೆ ಎಂಬ ಲೆಕ್ಕ. ಈ ಸೇವೆಗೆ ಕ್ಯಾಲಿಫೋರ್ನಿಯಾ ಆಗ ಕೊಡುತ್ತಿದ್ದ ಭತ್ಯೆ ದಿನಕ್ಕೆ ಐದು ಡಾಲರ್. ಆರೋಪಿಯೂ ಸೆರೆಯಲ್ಲಿದ್ದ, ಅವನ ಹಣೆಬರಹ ಬರೆಯಬೇಕಾದವರೂ ಹೆಚ್ಚುಕಡಿಮೆ ಸೆರೆಯಲ್ಲೇ ಇದ್ದರು. ವ್ಯತ್ಯಾಸವೆಂದರೆ ಇವರ ಮೇಲೆ ಯಾವ ಆರೋಪವೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಒಳಗಿನ ಅಸಮಾಧಾನ ಸಿಡಿಯಿತು. ಜ್ಯೂರಿಯಿಂದ ತೆಗೆದುಹಾಕಲ್ಪಟ್ಟ ಸದಸ್ಯೆಯೊಬ್ಬರು ಟಿ.ವಿ.ಗೆ ಸಂದರ್ಶನ ಕೊಟ್ಟು, ಒಳಗೆ ಬಣ್ಣದ ಬಿರುಕಿದೆ, ಕಾವಲಿನ ಡೆಪ್ಯುಟಿಗಳು ಬಿಳಿಯರಿಗೊಂದು ಕರಿಯರಿಗೊಂದು ಎಂಬಂತೆ ನಡೆದುಕೊಳ್ಳುತ್ತಾರೆ ಎಂದರು. ಆರೋಪದಲ್ಲಿ ಅಂಗಡಿಗೆ ಕರೆದೊಯ್ದಾಗ ಯಾರಿಗೆ ಎಷ್ಟು ಹೊತ್ತು ಕೊಟ್ಟರೆಂಬ ಸಂಗತಿಯೂ ಇತ್ತು. ಹೊರಗಿನವರಿಗೆ ನಗು ಬರಬಹುದು. ಹಾಸ್ಟೆಲಿನಲ್ಲಿ ಇದ್ದವರಿಗೆ ನಗು ಬಾರದು. ಯಾರ ತಟ್ಟೆಗೆ ಎಷ್ಟು ಪಲ್ಯ ಬಿತ್ತು ಎಂಬುದರ ಮೇಲೆ ಅಲ್ಲಿ ಬಣಗಳೇ ಹುಟ್ಟುತ್ತವೆ. ನ್ಯಾಯಾಧೀಶ ಲ್ಯಾನ್ಸ್ ಈಟೊ ವಿಚಾರಣೆ ನಡೆಸಿ ಮೂವರು ಡೆಪ್ಯುಟಿಗಳನ್ನು ಬೇರೆ ಕೆಲಸಕ್ಕೆ ಕಳುಹಿಸಿದರು. ದೂರು ಬಂತು, ಪರಿಹಾರ ಕೊಟ್ಟೆ ಎಂದು ಅವರು ಭಾವಿಸಿರಬೇಕು. ಆದರೆ ಉಳಿದವರಲ್ಲಿ ಹಲವರಿಗೆ ಆ ಮೂವರ ಮೇಲೆ ಪ್ರೀತಿಯಿತ್ತು. ಏಪ್ರಿಲ್ 21ರಂದು ಹದಿಮೂರು ಮಂದಿ, ನ್ಯಾಯಾಧೀಶರು ನಮ್ಮೊಡನೆ ಮಾತಾಡುವವರೆಗೆ ಕಲಾಪಕ್ಕೆ ಬರುವುದಿಲ್ಲ ಎಂದು ಹೋಟೆಲಿನಲ್ಲೇ ಕುಳಿತರು. ಕೊನೆಗೆ ಬಂದಾಗ ಅವರಲ್ಲಿ ಬಹುಮಂದಿ ಕಪ್ಪು ಬಟ್ಟೆ ತೊಟ್ಟಿದ್ದರು. ಕೊಲೆ ಮೊಕದ್ದಮೆಯ ಜ್ಯೂರಿಯೊಂದು ಕಾವಲುಗಾರರ ವರ್ಗಾವಣೆಯ ವಿರುದ್ಧ ಮುಷ್ಕರ ಹೂಡಿತ್ತು.

ಪ್ರಕರಣದ ಇತಿಹಾಸದಲ್ಲಿ ಇದನ್ನು ಒಂದು ತಮಾಷೆಯ ಅಡಿಟಿಪ್ಪಣಿ ಎಂಬಂತೆ ಹೇಳಿ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಸಿಂಪ್ಸನ್ ಹೋಟೆಲಿನ ಮುಖ್ಯ ಪಾಠವೇ ಇದು. ನೂರು ದಿನಗಳಲ್ಲಿ ಆ ಕಾವಲಿನವರು ಬರೀ ಕಾವಲಿನವರಾಗಿ ಉಳಿದಿರಲಿಲ್ಲ. ಔಷಧಿ ತಂದುಕೊಡುವವರು, ಕರೆ ಮಾಡಿಸುವವರು, ಮಕ್ಕಳ ಸುದ್ದಿ ಕೇಳುವವರು, ದುಃಖಕ್ಕೆ ಕಿವಿಯಾಗುವವರು ಎಲ್ಲ ಅವರೇ. ಅವರ ಮೇಲೆ ಸಿಟ್ಟೂ ಬರುತ್ತದೆ, ಅವರನ್ನೇ ನೆಚ್ಚುವುದೂ ಆಗುತ್ತದೆ. ಅಂಥ ನೆಚ್ಚಿಕೆ ಮೊಕದ್ದಮೆಯ ಒಂದು ಪಕ್ಷದವರ ಕಡೆಗೇ ಬೆಳೆದರೆ?

ಬೆಳೆದದ್ದುಂಟು. ಲೂಯಿಸಿಯಾನದ ಒಂದು ಕೊಲೆ ಪ್ರಕರಣ ‘ಟರ್ನರ್ ವಿರುದ್ಧ ಲೂಯಿಸಿಯಾನ’ ಎಂಬ ಹೆಸರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. 1965ರ ಜನವರಿಯಲ್ಲಿ ತೀರ್ಪಾಯಿತು. ವಿಚಾರಣೆ ನಡೆದದ್ದು ಮೂರೇ ದಿನ. ಆ ರಾಜ್ಯದ ಕಾನೂನಿನಂತೆ ಜ್ಯೂರಿಯನ್ನು ಪ್ರತ್ಯೇಕವಾಗಿ ಇರಿಸಿ ಡೆಪ್ಯುಟಿ ಶೆರಿಫ್‌ಗಳ ವಶಕ್ಕೆ ಒಪ್ಪಿಸಲಾಗಿತ್ತು. ಆ ಡೆಪ್ಯುಟಿಗಳಲ್ಲಿ ಇಬ್ಬರು ಸರ್ಕಾರದ ಪರ ಮುಖ್ಯ ಸಾಕ್ಷಿಗಳು. ಹಗಲು ಕಟಕಟೆಯಲ್ಲಿ ನಿಂತು ಆರೋಪಿಯ ತಪ್ಪೊಪ್ಪಿಗೆಯ ಬಗ್ಗೆ ಸಾಕ್ಷ್ಯ ನುಡಿದವರೇ ಊಟದ ಹೊತ್ತಿಗೆ ಜ್ಯೂರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು, ಜೊತೆಗೆ ಉಣ್ಣುತ್ತಿದ್ದರು, ಮಾತಾಡುತ್ತಿದ್ದರು, ಚಿಲ್ಲರೆ ಕೆಲಸ ಮಾಡಿಕೊಡುತ್ತಿದ್ದರು. ಪ್ರಕರಣದ ಬಗ್ಗೆ ಅವರು ಮಾತಾಡಿದರೆಂಬುದಕ್ಕೆ ಪುರಾವೆ ಇಲ್ಲ ಎಂದು ಕೆಳ ನ್ಯಾಯಾಲಯಗಳು ಕೈ ತೊಳೆದುಕೊಂಡವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮಾತಾಡಿದರೋ ಇಲ್ಲವೋ ಎಂಬುದು ಮುಖ್ಯವಲ್ಲ. ಒಬ್ಬ ಮನುಷ್ಯನ ಸಾವು ಬದುಕು ಯಾರ ಮಾತಿನ ಮೇಲಿನ ನಂಬಿಕೆಯನ್ನು ಅವಲಂಬಿಸಿದೆಯೋ ಅವರೊಡನೆ ಜ್ಯೂರಿ ಮೂರು ದಿನ ಹೀಗೆ ಒಡನಾಡಿದ್ದೇ ಅನ್ಯಾಯ ಎಂದು ಎಂಟು ನ್ಯಾಯಮೂರ್ತಿಗಳು, ಒಬ್ಬರ ಭಿನ್ನಮತದ ನಡುವೆ, ಶಿಕ್ಷೆಯನ್ನು ರದ್ದುಮಾಡಿದರು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವ ಗಾದೆ ಇಲ್ಲಿಗೆ ಪೂರ್ತಿ ಒಗ್ಗುವುದಿಲ್ಲ. ಬೇಲಿ ಮೇಯಲಿಲ್ಲ, ಹೊಲದ ಜೊತೆ ಊಟಕ್ಕೆ ಕುಳಿತಿತು, ಅಷ್ಟೇ. ಅಷ್ಟೇ ಸಾಕಾಗಿತ್ತು.

ಮರುವರ್ಷವೇ ಆರಿಗನ್ ರಾಜ್ಯದಿಂದ ಇನ್ನೊಂದು ಬಂತು, ‘ಪಾರ್ಕರ್ ವಿರುದ್ಧ ಗ್ಲ್ಯಾಡನ್’. ಇಲ್ಲಿ ಬೇಲಿ ಬಾಯಿ ಬಿಟ್ಟೇ ಮಾತಾಡಿತ್ತು. ಎಂಟು ದಿನ ಪ್ರತ್ಯೇಕವಾಸದಲ್ಲಿದ್ದ ಜ್ಯೂರಿಯ ಜೊತೆಗಿರಲು ನೇಮಕವಾದ ಬೇಲಿಫ್ (ನಮ್ಮ ನ್ಯಾಯಾಲಯಗಳ ಅಮೀನನ ದೂರದ ಸೋದರ ಎನ್ನಬಹುದು) ಸದಸ್ಯರ ಕಿವಿಗೆ ಬೀಳುವಂತೆ, ‘ಅಯ್ಯೋ, ಆ ದುಷ್ಟ ತಪ್ಪಿತಸ್ಥನೇ’ ಎಂಬರ್ಥದ ಮಾತಾಡಿದ. ಇನ್ನೊಮ್ಮೆ, ನೀವು ತಪ್ಪು ಮಾಡಿದರೆ ಸುಪ್ರೀಂ ಕೋರ್ಟ್ ಸರಿಪಡಿಸುತ್ತದೆ ಬಿಡಿ ಎಂದು ಧೈರ್ಯ ಹೇಳಿದ. ಎರಡನೆಯ ಮಾತು ಮೊದಲನೆಯದಕ್ಕಿಂತ ಅಪಾಯಕಾರಿ ಎಂದು ನನಗನ್ನಿಸುತ್ತದೆ. ಮೊದಲನೆಯದು ಒಬ್ಬನ ಅಭಿಪ್ರಾಯ. ಎರಡನೆಯದು ಅಳುಕುತ್ತಿರುವ ಹನ್ನೆರಡು ಮನಸ್ಸುಗಳಿಂದ ಹೊಣೆಯನ್ನೇ ಇಳಿಸಿಬಿಡುವಂಥದ್ದು. ಆ ಜ್ಯೂರಿ 26 ಗಂಟೆ ಚರ್ಚಿಸಿತ್ತು. ಒಳಗೆ ಭಿನ್ನಾಭಿಪ್ರಾಯವಿತ್ತೆಂಬುದಕ್ಕೆ ಅದೇ ಗುರುತು. ಬೇಲಿಫ್ ಬರಿಯ ವ್ಯಕ್ತಿಯಲ್ಲ, ಅವನು ನ್ಯಾಯಾಲಯದ ಅಧಿಕಾರಿ, ಸರ್ಕಾರದ ದನಿ. ಅವನ ಮಾತಿಗೆ ಬೀದಿಯವನ ಮಾತಿಗಿಲ್ಲದ ತೂಕವಿದೆ ಎಂಬ ಕಾರಣಕ್ಕೆ ಆ ಶಿಕ್ಷೆಯೂ ನಿಲ್ಲಲಿಲ್ಲ.

ಮನೆಗೆ ಹೋದ ಸದಸ್ಯನಿಗೆ ನೆರೆಯವನು ಏನೋ ಅಂದರೆ ಅದು ನೂರು ಮಾತುಗಳಲ್ಲಿ ಒಂದು. ಹೋಟೆಲಿನ ಕಾರಿಡಾರಿನಲ್ಲಿ ಹೊರಲೋಕದಿಂದ ಬರುವ ದನಿ ಒಂದೇ, ಕಾವಲಿನವನದು. ಬೀಗ ಹಾಕಿದಷ್ಟೂ ಬೀಗದ ಕೈ ಹಿಡಿದವನ ಮಾತಿಗೆ ಬೆಲೆ ಏರುತ್ತದೆ. ಪ್ರತ್ಯೇಕವಾಸವನ್ನು ಬೇಡುವ ವಕೀಲರೂ ವಿರೋಧಿಸುವ ವಕೀಲರೂ ಸುದ್ದಿಯ ಪ್ರಭಾವದ ಬಗ್ಗೆಯೇ ವಾದಿಸುತ್ತಾರೆ. ಈ ಇನ್ನೊಂದು ಪ್ರಭಾವದ ಬಗ್ಗೆ ವಾದ ಕೇಳಿಬರುವುದು ಅಪರೂಪ.

ಕಾವಲಿನವರೇ ಕಾರಣವಾಗಬೇಕೆಂದೂ ಇಲ್ಲ. ಬೇಸರವೇ ಸಾಕು. 1994ರಲ್ಲಿ ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ಜೋಡಿ ಕೊಲೆಯ ಮೊಕದ್ದಮೆ ನಡೆದು, ಚರ್ಚೆ ಮುಗಿಯದ ಜ್ಯೂರಿಯನ್ನು ರಾತ್ರಿ ಪಕ್ಕದ ಬ್ರೈಟನ್ನಿನ ಹೋಟೆಲಿಗೆ ಕಳುಹಿಸಲಾಯಿತು. ಅಲ್ಲಿ ನಾಲ್ವರು ಸದಸ್ಯರು ಸೇರಿ ಓಯಿಜಾ (Ouija) ಫಲಕದ ಆಟಕ್ಕೆ ಕುಳಿತರು. ಅಕ್ಷರಗಳ ಸುತ್ತ ಗಾಜಿನ ಲೋಟ ಸರಿಸುತ್ತ ಸತ್ತವರನ್ನು ಮಾತಾಡಿಸುವ ಆಟ ಅದು. ನಮ್ಮಲ್ಲೂ ಹಾಸ್ಟೆಲ್ ಹುಡುಗರು ನಾಣ್ಯ ಇಟ್ಟುಕೊಂಡು ಆಡುವುದುಂಟು. ಅವರು ಕರೆದದ್ದು ಯಾರನ್ನು? ಕೊಲೆಯಾದವನನ್ನೇ. ಉತ್ತರವೂ ಬಂತಂತೆ, ಕೊಂದವನ ಹೆಸರು ಸಮೇತ. ಮರುದಿನ ಜ್ಯೂರಿ ಆರೋಪಿಯನ್ನು ತಪ್ಪಿತಸ್ಥನೆಂದಿತು. ಸಂಗತಿ ಹೊರಬಿದ್ದು ಮೇಲ್ಮನವಿ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿತು. ಎರಡನೆಯ ಜ್ಯೂರಿಯೂ, ಪ್ರೇತದ ನೆರವಿಲ್ಲದೆ, ಅದೇ ತೀರ್ಪು ಕೊಟ್ಟಿತು.

ಇದರಲ್ಲಿ ನಗುವಿನಾಚೆ ಒಂದು ಕಾನೂನಿನ ಸೂಕ್ಷ್ಮವಿದೆ. 1981ರ ಕಾಯಿದೆಯಂತೆ ಇಂಗ್ಲೆಂಡಿನಲ್ಲಿ ಜ್ಯೂರಿ ಕೋಣೆಯ ಚರ್ಚೆಯನ್ನು ಆಗ ಕೆದಕುವಂತಿರಲಿಲ್ಲ. ಹಾಗಾದರೆ ಈ ವಿಚಾರಣೆ ಸಾಧ್ಯವಾದದ್ದು ಹೇಗೆ? ಹೋಟೆಲ್ ಜ್ಯೂರಿ ಕೋಣೆಯಲ್ಲ, ರಾತ್ರಿ ಅಲ್ಲಿ ಮಲಗಿದ್ದವರು ಚರ್ಚೆ ನಡೆಸುತ್ತಿರಲಿಲ್ಲ, ನಡೆಸಲೂ ಬಾರದಾಗಿತ್ತು ಎಂದು ನ್ಯಾಯಾಲಯ ಗೆರೆ ಎಳೆಯಿತು. ಅದೇ ಆಟವನ್ನು ಅವರು ಹಗಲು ಜ್ಯೂರಿ ಕೋಣೆಯಲ್ಲಿ ಆಡಿದ್ದರೆ ಯಾರೂ ಇಣುಕುವಂತಿರಲಿಲ್ಲ. ಪ್ರತ್ಯೇಕವಾಸದ ರಾತ್ರಿ ಎಂದರೆ ಹೀಗೆ ಒಂದು ನಡುಮನೆ: ಅತ್ತ ಸ್ವಂತ ಮನೆಯ ಸ್ವಾತಂತ್ರ್ಯವಿಲ್ಲ, ಇತ್ತ ಜ್ಯೂರಿ ಕೋಣೆಯ ಗೌಪ್ಯವೂ ಇಲ್ಲ.

ಅದೇ 1994ರಲ್ಲಿ ಇಂಗ್ಲೆಂಡ್ ಕಾನೂನನ್ನು ಸಡಿಲಿಸಿ, ಚರ್ಚೆ ಶುರುವಾದ ಮೇಲೂ ಸದಸ್ಯರು ರಾತ್ರಿ ಮನೆಗೆ ಹೋಗಲು ನ್ಯಾಯಾಧೀಶರು ಬಿಡಬಹುದೆಂದಿತು. ಹೋಟೆಲ್ ಬಿಲ್ಲು ಅಲ್ಲಿ ಬಹುಮಟ್ಟಿಗೆ ಇತಿಹಾಸ ಸೇರಿತು. ನ್ಯೂಯಾರ್ಕ್ ರಾಜ್ಯದಲ್ಲಿ ಗಂಭೀರ ಅಪರಾಧಗಳ ಜ್ಯೂರಿ ಚರ್ಚೆಗೆ ಕುಳಿತ ಮೇಲೆ ಹೋಟೆಲ್ ವಾಸ ಕಡ್ಡಾಯವಾಗಿತ್ತು. 1995ರಲ್ಲಿ ಅದನ್ನು ಕೆಲವು ಬಗೆಯ ಪ್ರಕರಣಗಳಿಗೆ ಕೈಬಿಟ್ಟು, 2001ರಲ್ಲಿ ಪೂರ್ತಿ ತೆಗೆದರು. ಲೂಯಿಸಿಯಾನದಲ್ಲಿ ಮರಣದಂಡನೆಯ ಪ್ರಕರಣಗಳಿಗೆ ಹಳೆಯ ಬಿಗಿ ಮುಂದುವರಿದಿದೆ. ಕೆನಡಾದಲ್ಲಿ ನಿಯಮ ಇನ್ನೂ ಗಟ್ಟಿ: ಚರ್ಚೆಗೆ ಹೋದ ಕ್ರಿಮಿನಲ್ ಜ್ಯೂರಿ ತೀರ್ಪಿನವರೆಗೆ ಮನೆಗೆ ಹೋಗುವಂತಿಲ್ಲ. ಅಲ್ಲಿ ಇನ್ನೊಂದು ಬೀಗವೂ ಇತ್ತು. ಚರ್ಚೆಯ ವಿವರವನ್ನು ಆಮೇಲೆ ಯಾರಿಗೆ ಹೇಳಿದರೂ ಅಪರಾಧ, ಮನೋವೈದ್ಯರಿಗೆ ಹೇಳಿದರೂ ಅಪರಾಧ. ಭೀಕರ ಚಿತ್ರಗಳನ್ನು ನೋಡಿ ನಿದ್ದೆಗೆಟ್ಟ ಮಾಜಿ ಸದಸ್ಯರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2022ರ ಅಕ್ಟೋಬರ್‌ನಲ್ಲಿ ಈ ಎರಡನೆಯ ಬೀಗಕ್ಕೆ ಮಾತ್ರ ಒಂದು ಕಿಂಡಿ ತೆರೆಯಿತು: ಚಿಕಿತ್ಸಕರ ಮುಂದೆ ಬಾಯಿ ಬಿಡಬಹುದು.

ಅಂಗೈಯಲ್ಲಿ ಜಗತ್ತು ಇರುವ ಈ ಕಾಲದಲ್ಲಿ ಪ್ರತ್ಯೇಕವಾಸ ಹೆಚ್ಚಬೇಕಿತ್ತು, ಆದರೆ ಕಡಿಮೆಯಾಗುತ್ತಿದೆ. ಕಾರಣಗಳು ಸರಳ. ದುಡ್ಡು ಬೇಕು, ಕಾವಲಿಗೆ ಜನ ಬೇಕು. ತಿಂಗಳುಗಟ್ಟಲೆ ಮನೆ ಬಿಡಬಲ್ಲವರನ್ನೇ ಆರಿಸುತ್ತ ಹೋದರೆ ಪುಟ್ಟ ಮಕ್ಕಳ ತಾಯಿ, ದಿನಗೂಲಿಯವ, ಸಣ್ಣ ಅಂಗಡಿಯವ ಎಲ್ಲ ಜರಡಿಯಲ್ಲಿ ಉದುರಿ ನಿವೃತ್ತರೂ ಸಂಬಳ ನಿಲ್ಲದ ನೌಕರರೂ ಮಾತ್ರ ಉಳಿಯುತ್ತಾರೆ. ಆಗ ಅದು ಊರಿನ ಜ್ಯೂರಿಯಾಗಿ ಉಳಿಯುವುದಿಲ್ಲ. ಜೊತೆಗೆ ಮನೆ ಸೇರುವ ತವಕ. ಸಿಂಪ್ಸನ್ ಜ್ಯೂರಿ ಎಂಟು ತಿಂಗಳ ಸಾಕ್ಷ್ಯದ ಮೇಲೆ ನಾಲ್ಕು ಗಂಟೆಯೂ ಚರ್ಚಿಸಲಿಲ್ಲ. ತವಕವೇ ಕಾರಣವೆಂದು ಸಾಧಿಸಲಾಗದು, ಸಾಕ್ಷ್ಯದ ಬಗ್ಗೆ ಅವರ ಮನಸ್ಸು ಮೊದಲೇ ಗಟ್ಟಿಯಾಗಿದ್ದಿರಬಹುದು. ಆದರೆ ಆ ಅನುಮಾನ ಏಳುವುದೇ ಒಂದು ನಷ್ಟ. ಇದಕ್ಕೆದುರಾಗಿ 2017ರಲ್ಲಿ ಪೆನ್ಸಿಲ್ವೇನಿಯದಲ್ಲಿ ನಡೆದ, ಲೈಂಗಿಕ ದೌರ್ಜನ್ಯದ ಆರೋಪ ಹೊತ್ತ ಹಾಸ್ಯನಟ ಬಿಲ್ ಕಾಸ್ಬಿ ಪ್ರಕರಣವಿದೆ. ಸುಮಾರು ಮುನ್ನೂರು ಮೈಲಿ ದೂರದ ಪಿಟ್ಸ್‌ಬರ್ಗ್ ಕಡೆಯಿಂದ ಕರೆತಂದು ಹೋಟೆಲಿನಲ್ಲಿರಿಸಿದ ಆ ಜ್ಯೂರಿ 52 ಗಂಟೆ ಚರ್ಚಿಸಿಯೂ ಒಮ್ಮತಕ್ಕೆ ಬರಲಿಲ್ಲ. ವಿಲಿಯಂ ಪೆನ್ ಸ್ಥಾಪಿಸಿದ ನಾಡಿನಲ್ಲಿ ಜ್ಯೂರಿಯನ್ನು ಬೀಗ ಬಗ್ಗಿಸಲಿಲ್ಲ ಎಂಬುದು ತಕ್ಕದ್ದೇ.

ಈಗಿನ ನ್ಯಾಯಾಧೀಶರು ಸಾಮಾನ್ಯವಾಗಿ ನಡುದಾರಿ ಹಿಡಿಯುತ್ತಾರೆ. 2021ರಲ್ಲಿ ಕರಿಯ ಜನಾಂಗದ ಜಾರ್ಜ್ ಫ್ಲಾಯ್ಡ್ ಹತ್ಯೆಗಾಗಿ ಪೊಲೀಸ್ ಅಧಿಕಾರಿ ಡೆರೆಕ್ ಶೋವಿನ್ ವಿಚಾರಣೆ ಮಿನಿಯಾಪೊಲಿಸ್‌ನಲ್ಲಿ ನಡೆಯುತ್ತಿದ್ದಾಗಲೇ, ಏಪ್ರಿಲ್ 11ರಂದು ಪಕ್ಕದ ಬ್ರೂಕ್ಲಿನ್ ಸೆಂಟರ್‌ನಲ್ಲಿ ಇನ್ನೊಬ್ಬ ಕರಿಯ ಯುವಕ ಪೊಲೀಸರ ಗುಂಡಿಗೆ ಸತ್ತ. ಊರು ಮತ್ತೆ ಹೊತ್ತಿಕೊಂಡಿತು. ಕೂಡಲೇ ಜ್ಯೂರಿಯನ್ನು ಹೋಟೆಲಿಗೆ ಸೇರಿಸಿ ಎಂದು ಆರೋಪಿಯ ವಕೀಲರು ಕೇಳಿದರು. ನ್ಯಾಯಾಧೀಶ ಪೀಟರ್ ಕೇಹಿಲ್ ಒಪ್ಪಲಿಲ್ಲ. ಈಗ ಏಕಾಏಕಿ ಕೂಡಿಹಾಕಿದರೆ, ಹೊರಗೆ ಏನೋ ಭಯಂಕರ ನಡೆಯುತ್ತಿದೆ ಎಂದು ನಾವೇ ಹೇಳಿದಂತಾಗುತ್ತದೆ ಎಂಬುದು ಅವರ ಯೋಚನೆ. ವಿಚಾರಣೆಯುದ್ದಕ್ಕೂ ಸದಸ್ಯರು ಬೆಂಗಾವಲಿನಲ್ಲಿ ಬಂದು ಹೋದರು. ಹೋಟೆಲ್ ವಾಸ ಶುರುವಾದದ್ದು ಏಪ್ರಿಲ್ 19ರಂದು, ಚರ್ಚೆಗೆ ಕುಳಿತ ಮೇಲೆ. ಮರುದಿನವೇ ತೀರ್ಪು ಬಂತು. ಅವರು ಕಳೆದದ್ದು ಒಂದೇ ರಾತ್ರಿ. ಮೊದಲಿನಿಂದ ಕೂಡಿಹಾಕದಿದ್ದುದು ತಪ್ಪೆಂಬ ವಾದವನ್ನು ಮಿನಿಸೋಟದ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ತಳ್ಳಿಹಾಕಿತು.

2024ರಲ್ಲಿ ಡೊನಾಲ್ಡ್ ಟ್ರಂಪ್ ಅವರ ನ್ಯೂಯಾರ್ಕ್ ಮೊಕದ್ದಮೆಯಲ್ಲಿ ಆ ಒಂದು ರಾತ್ರಿಯೂ ಇರಲಿಲ್ಲ. ಚರ್ಚೆಯ ಮೊದಲ ದಿನ ಮುಗಿದ ಮೇಲೆ ಹನ್ನೆರಡೂ ಮಂದಿ ಮನೆಗೆ ಹೋಗಿ ಮಲಗಿ ಬಂದು, ಮೇ 30ರಂದು 34 ಆರೋಪಗಳ ಮೇಲೂ ತೀರ್ಪು ಕೊಟ್ಟರು. ಬೀಗದ ಬದಲು ಅಲ್ಲಿ ನೆಚ್ಚಿದ್ದು ಅನಾಮಿಕತೆಯನ್ನು. ಅದೂ ಸೋರದ ಪಾತ್ರೆಯಲ್ಲ. ಆಯ್ಕೆಯಾದ ಸದಸ್ಯೆಯೊಬ್ಬರು, ಪತ್ರಿಕೆಗಳಲ್ಲಿ ಬಂದ ಚಿಲ್ಲರೆ ವಿವರಗಳಿಂದಲೇ ಪರಿಚಯದವರು ತನ್ನನ್ನು ಗುರುತು ಹಿಡಿದರೆಂದು ಹೇಳಿ ಹೊರನಡೆದರು. ಇಂಗ್ಲೆಂಡ್ ಬೇರೆ ದಾರಿ ಹಿಡಿದು, ಪ್ರಕರಣದ ಬಗ್ಗೆ ಅಂತರ್ಜಾಲದಲ್ಲಿ ಹುಡುಕುವುದನ್ನೇ 2015ರಲ್ಲಿ ಜ್ಯೂರಿ ಸದಸ್ಯರ ಮಟ್ಟಿಗೆ ಅಪರಾಧ ಮಾಡಿತು. ಅದಕ್ಕೂ ಮುಂಚೆ, 2011ರಲ್ಲಿ, ಫೇಸ್‌ಬುಕ್‌ನಲ್ಲಿ ಆರೋಪಿಯೊಬ್ಬಳೊಡನೆ ಹರಟಿದ ಸದಸ್ಯೆಯೊಬ್ಬಳಿಗೆ ಎಂಟು ತಿಂಗಳ ಜೈಲಾಗಿತ್ತು. ಮನೆಗೆ ಕಳುಹಿಸು, ಆಣೆ ಮುರಿದರೆ ಶಿಕ್ಷಿಸು ಎಂಬ ಈ ದಾರಿಯೇ ಮೇಲೆಂದು ನನ್ನ ಎಣಿಕೆ. ಜೀವಬೆದರಿಕೆ ನಿಜವಾಗಿರುವ ಕಡೆ ಮಾತ್ರ ಹೋಟೆಲು, ಅದೂ ಚರ್ಚೆಯ ದಿನಗಳಿಗೆ. ಕಾವಲಿಗೆ ಆ ಮೊಕದ್ದಮೆಯ ತನಿಖೆಯೊಡನೆ ಯಾವ ನಂಟೂ ಇಲ್ಲದ ಸಿಬ್ಬಂದಿ. ಭತ್ಯೆಯ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2000ದಿಂದ ಅದು ದಿನಕ್ಕೆ ಹದಿನೈದು ಡಾಲರ್, ಅದೂ ಎರಡನೆಯ ದಿನದಿಂದ.

ಇದೆಲ್ಲ ನಮಗೇಕೆ ಎಂದರೆ, ನಮ್ಮಲ್ಲೂ ಈ ಬೀಗ ಕಾನೂನಿನ ಪುಟದಲ್ಲಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 296ನೆಯ ಕಲಮಿನ ತಲೆಬರಹವೇ ‘ಜ್ಯೂರಿಗೆ ಬೀಗ’ ಎಂಬ ಅರ್ಥದ್ದು. ಒಂದು ದಿನಕ್ಕಿಂತ ಹೆಚ್ಚು ನಡೆಯುವ ವಿಚಾರಣೆಯಲ್ಲಿ ಜ್ಯೂರಿಯನ್ನು ನ್ಯಾಯಾಲಯದ ಅಧಿಕಾರಿಯ ವಶದಲ್ಲಿ ಒಟ್ಟಿಗೆ ಇರಿಸಬೇಕೋ, ಅವರವರ ಮನೆಗೆ ಬಿಡಬೇಕೋ ಎಂಬುದನ್ನು, ಹೈಕೋರ್ಟಿನ ನಿಯಮಗಳಿಗೆ ಒಳಪಟ್ಟು, ನ್ಯಾಯಾಧೀಶರು ತೀರ್ಮಾನಿಸಬಹುದಿತ್ತು. ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಪಡೆಯ ಅಧಿಕಾರಿ ನಾನಾವತಿಯ 1959ರ ಮೊಕದ್ದಮೆಯ ಹೊತ್ತಿಗೆ ಮುಂಬೈಯಲ್ಲಿ 25 ಪೈಸೆಯ ‘ಬ್ಲಿಟ್ಜ್’ ವಾರಪತ್ರಿಕೆ ಎರಡು ರೂಪಾಯಿಗೆ ಮಾರಾಟವಾಗುತ್ತಿತ್ತು. ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಾಗ ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಒಪ್ಪಿಸಿದರು. ಆ ಪ್ರಕರಣದಿಂದಲೇ ಭಾರತದಲ್ಲಿ ಜ್ಯೂರಿ ಹೋಯಿತೆನ್ನುವ ಕಥೆ ಜನಪ್ರಿಯ. ಆದರೆ ಕಾನೂನು ಆಯೋಗ ಅದನ್ನು ಕೈಬಿಡಿ ಎಂದು ಹಿಂದಿನ ವರ್ಷವೇ ಹೇಳಿತ್ತು. ಈಗ ಜ್ಯೂರಿಯ ನೆರಳು ಉಳಿದಿರುವುದು ಪಾರ್ಸಿ ವಿವಾಹ ನ್ಯಾಯಾಲಯಗಳ ಐವರು ಪ್ರತಿನಿಧಿಗಳಲ್ಲಿ ಮಾತ್ರ.

ಇತ್ತ ಅಮೆರಿಕದ ಪೌರತ್ವ ಪಡೆದ ಕನ್ನಡಿಗರ ಮನೆಗೆ ಜ್ಯೂರಿ ಸೇವೆಯ ಕರೆ ಬರುತ್ತದೆ. ಗ್ರೀನ್ ಕಾರ್ಡಿನವರಿಗೆ ಆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಹೋಟೆಲಿನಲ್ಲಿ ಕೂಡಿಹಾಕುತ್ತಾರೆಯೇ ಎಂದು ಹೆದರುವ ಹೊಸಬರಿಗೆ ಹೇಳಬೇಕಾದದ್ದು ಇಷ್ಟೇ: ಕರೆ ಬಂದವರಲ್ಲಿ ಬಹುಪಾಲು ಮಂದಿ ಜ್ಯೂರಿ ಪೆಟ್ಟಿಗೆಯಲ್ಲಿ ಕುಳಿತುಕೊಳ್ಳುವುದೇ ಇಲ್ಲ, ಕುಳಿತವರಲ್ಲೂ ಹೋಟೆಲ್ ಕಾಣುವವರು ತೀರಾ ವಿರಳ.

ಹೋಟೆಲ್ ಹೋದರೂ ಇಂಗ್ಲೆಂಡಿನಲ್ಲಿ ಒಂದು ಹಳೆಯ ಪದ್ಧತಿ ಉಳಿದಿದೆ. ಜ್ಯೂರಿ ಚರ್ಚೆಗೆ ಎದ್ದಾಗ ಬೇಲಿಫ್ ಎಲ್ಲರೆದುರು ಪ್ರಮಾಣ ಮಾಡುತ್ತಾನೆ: ಇವರನ್ನು ಅನುಕೂಲವಾದ ಏಕಾಂತದ ಜಾಗದಲ್ಲಿ ಇರಿಸುತ್ತೇನೆ, ಯಾರೂ ಇವರೊಡನೆ ಮಾತಾಡಲು ಬಿಡುವುದಿಲ್ಲ, ಈ ವಿಚಾರಣೆಯ ಬಗ್ಗೆ ನಾನೂ ಮಾತಾಡುವುದಿಲ್ಲ. ತಾನು ಕೇಳಬಹುದಾದ ಒಂದೇ ಪ್ರಶ್ನೆಯನ್ನು ಅವನು ಕೊನೆಗೆ ಉಳಿಸಿಕೊಳ್ಳುತ್ತಾನೆ: ಒಮ್ಮತಕ್ಕೆ ಬಂದಿರಾ?